ಒಬ್ಬಳಿಗೆ ಆರ್ಗನ್, ಒಬ್ಬನಿಗೆ ಫುಟ್‌ಬಾಲ್: ಯಾವ ವೃತ್ತಿಯ ಆಯುಷ್ಯ ಎಷ್ಟು?

ನಿವೃತ್ತ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ನಡೆಯುತ್ತಿರುವ ಮಾತೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ನನ್ನ ಮಗನ ಮಗಳಿಗೆ ಈಗ 17 ವರ್ಷ. ಮನೆಯ ಮೂಲೆಯಲ್ಲಿದ್ದ ಹಳೆಯ ಕಾಲುಹಾರ್ಮೋನಿಯಂ ತುಳಿಯುತ್ತ ಸ್ವರ ಹಿಡಿದ ಹುಡುಗಿ, ಇಂದು ಬೆಂಗಳೂರಿನಲ್ಲಿ ಪಿಯುಸಿ ಓದುತ್ತ ಅಲ್ಲಿನ ಚರ್ಚೊಂದರ ಪೈಪ್ ಆರ್ಗನ್ (ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ದೊಡ್ಡ ವಾದ್ಯ) ಮೇಲೆ ಜರ್ಮನಿಯ ಸಂಗೀತಕಾರ ಬಾಖ್‌ನ ಕೃತಿಗಳನ್ನು ಅಭ್ಯಾಸ ಮಾಡುತ್ತಿದ್ದಾಳೆ. ಮಗಳ ಮಗನಿಗೆ 16. ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಆಡುವವರ ನಡುವೆ ಜಾಗ ಮಾಡಿಕೊಂಡು ಫುಟ್‌ಬಾಲ್ ಒದೆಯುತ್ತಿದ್ದವನು ಜಿಲ್ಲಾ ತಂಡದವರೆಗೆ ಬಂದಿದ್ದಾನೆ. ಇಬ್ಬರೂ ಅದನ್ನೇ ವೃತ್ತಿಯಾಗಿ ಹಿಡಿಯುತ್ತೇವೆ ಎನ್ನುತ್ತಿದ್ದಾರೆ.

ನನ್ನ ಮಗನ ಲೆಕ್ಕ ಸರಳವಾದದ್ದು. ಸಂಗೀತಗಾರರಿಗೆ ವಯಸ್ಸಾದಷ್ಟೂ ಬೆಲೆ ಹೆಚ್ಚು, ಆಟಗಾರನಿಗೆ 35 ದಾಟಿದರೆ ಮುಗಿಯಿತು. ಆದ್ದರಿಂದ ಹುಡುಗಿ ಮುಂದುವರಿಯಲಿ, ಹುಡುಗ ಡಿಪ್ಲೊಮಾ ಸೇರಲಿ ಎಂಬುದು ಅವನ ವಾದ. ಈ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ, ಆದರೆ ತಪ್ಪೆಂದು ತೋರಿಸುವಷ್ಟು ತಿಳಿವಳಿಕೆಯೂ ನನಗಿಲ್ಲ. ಈ ಎರಡು ದಾರಿಗಳಲ್ಲಿ ನಡೆದವರು, ಇಲ್ಲವೇ ನಡೆದವರನ್ನು ಹತ್ತಿರದಿಂದ ಕಂಡವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಳೆಯ ಲೆಫ್ಟ್ ವಿಂಗರ್, ಚಿತ್ರದುರ್ಗ

ಮೇಷ್ಟ್ರೇ, 35ರ ಮಾತು ನಿಜ. ನನ್ನ ಪಾಲಿಗೆ ಅದು 31ಕ್ಕೇ ಬಂತು. ಹುಟ್ಟಿ ಬೆಳೆದದ್ದು ದುರ್ಗದಲ್ಲಿ, ಆಡಿದ್ದು ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರ ತಂಡಕ್ಕೆ, ಮೈದಾನದ ಎಡ ಅಂಚಿನಲ್ಲಿ. ಒಂದು ಲೀಗ್ ಪಂದ್ಯದಲ್ಲಿ ಬಲ ಮೊಣಕಾಲಿನ ಎಸಿಎಲ್ ಲಿಗಮೆಂಟ್, ಎಂದರೆ ಮಂಡಿಯ ಮೂಳೆಗಳನ್ನು ಹಿಡಿದಿಡುವ ಒಳಗಿನ ಪಟ್ಟಿ, ಹರಿಯಿತು. ಎದುರಾಳಿ ಯಾರೂ ನನ್ನನ್ನು ಮುಟ್ಟಿರಲಿಲ್ಲ, ಚೆಂಡೂ ಹತ್ತಿರವಿರಲಿಲ್ಲ. ಓಡುತ್ತಿದ್ದವನು ಗಕ್ಕನೆ ತಿರುಗಿದೆ, ಮಂಡಿಯೊಳಗೆ ಒಣಗಿದ ತೆಂಗಿನ ಗರಿ ಮುರಿದಂಥ ಸದ್ದು ಕೇಳಿಸಿತು, ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಅಂದಿನ ದಿನಗಳಲ್ಲಿ ಅದರ ಶಸ್ತ್ರಚಿಕಿತ್ಸೆ ನಮ್ಮಂಥವರ ಕೈಗೆಟುಕುವ ಮಾತಾಗಿರಲಿಲ್ಲ. ಆಟ ಅಲ್ಲಿಗೆ ನಿಂತಿತು.

ಆದರೆ ಸಂಬಳ ನಿಲ್ಲಲಿಲ್ಲ. ನಾನು ತಂಡದ ಆಟಗಾರನಾಗಿದ್ದರೂ ಕಾಗದದ ಮೇಲೆ ಕಾರ್ಖಾನೆಯ ನೌಕರ. ಕುಂಟುತ್ತಲೇ ಸ್ಟೋರ್ಸ್ ವಿಭಾಗಕ್ಕೆ ಹೋಗಿ ಕುಳಿತೆ, ಅಲ್ಲಿ 29 ವರ್ಷ ದುಡಿದು 60ಕ್ಕೆ ನಿವೃತ್ತನಾದೆ. ಇಬ್ಬರು ಮಕ್ಕಳ ಓದು, ಒಂದು ಸಣ್ಣ ಮನೆ, ಎಲ್ಲವೂ ಆ ನೌಕರಿಯಿಂದಲೇ ಆದವು. ಆ ನೌಕರಿ ಸಿಕ್ಕಿದ್ದು ಮಾತ್ರ ಈ ಎಡಗಾಲಿನಿಂದ.

ದೊಡ್ಡವರ ಬದುಕೂ ಇದನ್ನೇ ಹೇಳುತ್ತದೆ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಮ್ಮ ತಂಡವನ್ನೇ ನೋಡಿ. ನಾಯಕ ಚುನಿ ಗೋಸ್ವಾಮಿ 27 ತುಂಬುವ ಹೊತ್ತಿಗೆ ಅಂತರರಾಷ್ಟ್ರೀಯ ಫುಟ್‌ಬಾಲ್ ಬಿಟ್ಟರು. ಮುಂದೆ ಕ್ರಿಕೆಟ್ಟಿನಲ್ಲಿ ಬಂಗಾಳ ತಂಡದ ನಾಯಕರಾಗಿ 1971-72ರ ರಣಜಿ ಫೈನಲ್ ಆಡಿದರು. ಅಂಥ ಎರಡನೆಯ ಬಾಗಿಲು ಲಕ್ಷಕ್ಕೊಬ್ಬರಿಗೆ ತೆರೆಯುತ್ತದೆ. ಪಿ.ಕೆ. ಬ್ಯಾನರ್ಜಿ ರೈಲ್ವೆ ನೌಕರಿಯಲ್ಲಿದ್ದುಕೊಂಡೇ ಆಡಿದರು, ಆಟ ಮುಗಿದ ಮೇಲೆ ತರಬೇತುದಾರರಾಗಿ ಇನ್ನೂ ದೊಡ್ಡ ಹೆಸರು ಮಾಡಿದರು. ಅದೇ ತಂಡದ ತುಳಸಿದಾಸ್ ಬಲರಾಮ್ ಅವರಿಗೆ ಎದೆಯ ಕಾಯಿಲೆ ಬಂದು 1963ರಲ್ಲಿ, 27ರ ಆಸುಪಾಸಿನಲ್ಲೇ ಆಟ ಬಿಡಬೇಕಾಯಿತು. ಅವರು 2023ರವರೆಗೆ ಬದುಕಿದ್ದರು ಎಂಬುದನ್ನು ಗಮನಿಸಿ. ಆಟ ಬಿಟ್ಟ ಮೇಲೆ ಅವರ ಮುಂದಿದ್ದದ್ದು ಹೆಚ್ಚುಕಡಿಮೆ 60 ವರ್ಷಗಳ ಬದುಕು.

ಆದ್ದರಿಂದ ನಿಮ್ಮ ಮೊಮ್ಮಗ ಎಷ್ಟು ವರ್ಷ ಆಡುತ್ತಾನೆ ಎನ್ನುವುದಕ್ಕಿಂತ, ಆಡುವ ವಯಸ್ಸಿನೊಳಗೆ ಯಾವ ಕುರ್ಚಿ ಹಿಡಿಯುತ್ತಾನೆ ಎನ್ನುವುದನ್ನು ಯೋಚಿಸಿ. ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿಗೆ ವಯೋಮಿತಿ 18ರಿಂದ 25. ಅವನಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಆ ಏಳು ವರ್ಷ.

ಆರ್ಗನ್ ವಾದಕಿ, ಚಿತ್ರದುರ್ಗದವಳು, ಈಗ ಬೆಂಗಳೂರು

ಮೇಷ್ಟ್ರೇ, ನಿಮ್ಮ ಮೊಮ್ಮಗಳ ಸುದ್ದಿ ಓದಿ ಮನಸ್ಸು ತುಂಬಿ ಬಂತು. ನಮ್ಮ ಭಾಗದಿಂದ ಈ ವಾದ್ಯದ ಕಡೆಗೆ ಬರುವವರು ಬಹಳ ಅಪರೂಪ. ನಾನು 22 ವರ್ಷಗಳಿಂದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದೇನೆ, ಆದ್ದರಿಂದ ಎರಡೂ ಮುಖಗಳನ್ನು ಹೇಳಬೇಕು.

ಆಯುಷ್ಯದ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದು ಸರಿ. ಪ್ಯಾರಿಸ್ಸಿನ ಸ್ಯಾಂ ಸುಲ್ಪೀಸ್ ಚರ್ಚಿಗೆ ಶಾರ್ಲ್ ಮರಿ ವಿಡೋರ್ 1870ರಲ್ಲಿ, ತಮ್ಮ 25ನೇ ವಯಸ್ಸಿನಲ್ಲಿ, ತಾತ್ಕಾಲಿಕವೆಂದು ಆರ್ಗನ್ ವಾದಕರಾಗಿ ಸೇರಿದವರು 1933ರ ಕೊನೆಯವರೆಗೂ ಅದೇ ಪೀಠದಲ್ಲಿ ಕುಳಿತಿದ್ದರು. ನೋತ್ರ್ ದಾಮ್ ಚರ್ಚಿನ ಲೂಯಿ ವಿಯರ್ನ್ ಅವರಿಗೆ ಹುಟ್ಟಿನಿಂದಲೇ ಕಣ್ಣು ಬಹಳ ಮಂದ. 1900ರಲ್ಲಿ ಆ ಹುದ್ದೆಗೆ ಬಂದು, 1937ರ ಜೂನ್ 2ರಂದು ಕಛೇರಿ ನಡೆಯುತ್ತಿದ್ದಾಗಲೇ ವಾದ್ಯದ ಮೇಲೆ ಕುಸಿದು ಪ್ರಾಣ ಬಿಟ್ಟರು. ಅವರ ಪಾದ ಜಾರಿ, ಕಾಲಿನಿಂದ ಒತ್ತುವ ಪೆಡಲ್ಲಿನ ಮಂದ್ರ ಸ್ವರವೊಂದನ್ನು ಒತ್ತಿತು, ಆ ಒಂದೇ ಸ್ವರ ಇಡೀ ಚರ್ಚಿನಲ್ಲಿ ಮೊಳಗಿತು. ಜರ್ಮನಿಯ ಹೆಲ್ಮುಟ್ ವಾಲ್ಖಾ 19ನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡವರು. ಕೃತಿಯ ಒಂದೊಂದು ಎಳೆಯನ್ನೂ ಬೇರೆಯವರಿಂದ ಬಿಡಿಬಿಡಿಯಾಗಿ ನುಡಿಸಿ ಕೇಳಿ, ಮನಸ್ಸಿನಲ್ಲಿ ನೇಯ್ದುಕೊಂಡು, ಬಾಖ್‌ನ ಆರ್ಗನ್ ಕೃತಿಗಳನ್ನು ಎರಡು ಬಾರಿ ಧ್ವನಿಮುದ್ರಿಸಿದರು. ದೇಹ ಬಹಳ ಕಾಲ ಜೊತೆಗಿರುವ ವೃತ್ತಿ ಇದು.

ಇದರಲ್ಲಿ ಕಾಲಿನ ಕೆಲಸ ಎಷ್ಟೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಕೈಬೆರಳಿಂದ ಒತ್ತುವ ಮನೆಗಳ ಎರಡು ಮೂರು ಸಾಲುಗಳಿದ್ದರೆ, ಪಾದಗಳಿಗೆಂದೇ 30 ಅಥವಾ 32 ಮರದ ಪಟ್ಟಿಗಳ ಇನ್ನೊಂದು ಸಾಲು ಕೆಳಗಿರುತ್ತದೆ. ಕೆಳಗೆ ನೋಡದೆ, ಒಮ್ಮೆ ಹಿಮ್ಮಡಿಯಿಂದ, ಒಮ್ಮೆ ಬೆರಳ ತುದಿಯಿಂದ ಅವನ್ನು ಒತ್ತಬೇಕು. ಅದಕ್ಕೆಂದೇ ತೆಳು ಅಟ್ಟೆಯ, ಕಿರಿದಾದ ಶೂ ಇಟ್ಟುಕೊಳ್ಳುತ್ತೇವೆ. ನನ್ನ ಜೋಡಿಗೆ 14 ವರ್ಷವಾಯಿತು, ಒಂದು ದಿನವೂ ಅದು ರಸ್ತೆಯ ಮಣ್ಣು ಕಂಡಿಲ್ಲ. ಅಟ್ಟೆಗೆ ಒಂದು ಕಲ್ಲಿನ ಚೂರು ಅಂಟಿದರೂ ಪಟ್ಟಿಯ ಮೇಲೆ ಪಾದ ಜಾರುವ ರೀತಿ ಬದಲಾಗುತ್ತದೆ.

ಇನ್ನೊಂದು ಮುಖ ಇದು. ಬಾಖ್ ತನ್ನ 18ನೇ ವಯಸ್ಸಿನಲ್ಲಿ, 1703ರಲ್ಲಿ, ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಸಂಬಳದ ಹುದ್ದೆ ಪಡೆದ. ಯುರೋಪಿನಲ್ಲಿ ಆರ್ಗನ್ ವಾದಕರ ಬಾಳು ಇಂಥ ಹುದ್ದೆಗಳ ಮೇಲೆಯೇ ನಿಂತಿದೆ. ನಮ್ಮಲ್ಲಿ ಬರೀ ಆರ್ಗನ್ ನುಡಿಸಿ ಮನೆ ನಡೆಸುವಷ್ಟು ಸಂಬಳ ಕೊಡುವ ಹುದ್ದೆಯನ್ನು ನಾನು ಕಂಡಿಲ್ಲ. ಹೆಚ್ಚಿನ ಚರ್ಚುಗಳಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ನನ್ನ ಅನ್ನ ಬರುವುದು ಶಾಲೆಯ ಪಿಯಾನೋ ಪಾಠದಿಂದ, ಮದುವೆಗಳಿಂದ, ಮನೆಪಾಠದಿಂದ. ಅದಕ್ಕಿಂತ ದೊಡ್ಡ ತೊಡಕೆಂದರೆ ವಾದ್ಯವೇ. ವೀಣೆಯನ್ನು ಮನೆಗೆ ತರಬಹುದು, ಪೈಪ್ ಆರ್ಗನ್ ಕಟ್ಟಡದ ಒಂದು ಭಾಗ. ಅದರ ಬಾಗಿಲಿನ ಕೀಲಿ ಯಾರ ಕೈಯಲ್ಲಿದೆಯೋ ಅವರ ಕೃಪೆಯ ಮೇಲೆ ನಮ್ಮ ಅಭ್ಯಾಸ ನಡೆಯುತ್ತದೆ. ಆಡಳಿತ ಮಂಡಳಿ ಬದಲಾದ ಒಂದು ವರ್ಷ ನನಗೆ ವಾರಕ್ಕೆ ಒಂದೇ ಗಂಟೆ ಸಿಕ್ಕಿತ್ತು. ಆ ವರ್ಷ ನನ್ನ ಪಾದಗಳು ಮರೆತದ್ದನ್ನು ಮತ್ತೆ ಕಲಿಯಲು ಎರಡು ವರ್ಷ ಹಿಡಿಯಿತು.

ಪೇಟಿ ಮಾಸ್ತರರ ಮಗಳು, ದಾವಣಗೆರೆ

ವಾದ್ಯ ಯಾರದು ಎಂಬ ಪ್ರಶ್ನೆಯನ್ನು ಮೇಡಂ ಎತ್ತಿದ್ದರಿಂದ ನಾನು ಬರೆಯಲೇಬೇಕಾಯಿತು.

ನಮ್ಮ ತಂದೆ ನಾಟಕ ಕಂಪನಿಗಳಲ್ಲಿ 34 ವರ್ಷ ಕಾಲುಪೇಟಿ, ಅಂದರೆ ಕಾಲುಹಾರ್ಮೋನಿಯಂ, ನುಡಿಸಿದರು. ದಾವಣಗೆರೆಯವರಿಗೆ ಕಂಪನಿ ನಾಟಕವೆಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು, ದುಗ್ಗಮ್ಮನ ಜಾತ್ರೆ ಬಂತೆಂದರೆ ತಗಡಿನ ಥಿಯೇಟರುಗಳು ಏಳುವ ಊರು. ತಂದೆಯವರು ದುಡಿದದ್ದು ಬೇರೆ ಕಂಪನಿಗಳಲ್ಲಿ. ರಂಗದ ಮುಂದಿನ ತಗ್ಗಿನಲ್ಲಿ ಅವರ ಜಾಗ. ನಾಂದಿಯಿಂದ ಮಂಗಳದವರೆಗೆ, ರಾತ್ರಿ ಹತ್ತರಿಂದ ಎರಡರವರೆಗೆ, ಎರಡು ಪಾದಗಳೂ ನಿಲ್ಲುವಂತಿರಲಿಲ್ಲ. ಬಲಗಾಲು ಒತ್ತಿದಾಗ ಎಡಗಾಲು ಏಳಬೇಕು, ತಿದಿಯಲ್ಲಿ ಗಾಳಿ ಒಂದೇ ಸಮ ಇರಬೇಕು, ಕೈಯಲ್ಲಿ ಮಟ್ಟು ಎಷ್ಟೇ ಓಡಿದರೂ ಕಾಲಿಗೆ ಅದರ ಅವಸರ ತಟ್ಟಬಾರದು. ನಾಯಕಿಗೆ ನೆಗಡಿಯಾದ ದಿನ ಆಕೆ ಕೇಳುವ ಮೊದಲೇ ಶ್ರುತಿಯನ್ನು ಕಪ್ಪು ಐದರಿಂದ ಕಪ್ಪು ನಾಲ್ಕಕ್ಕೆ ಇಳಿಸಿಬಿಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಪೇಟಿಯ ಪಕ್ಕದಲ್ಲಿ ಮಲಗುತ್ತಿದ್ದೆ. ಪಾದದಡಿಯ ಹಲಗೆಗೆ ಹಳೆಯ ಜಮಖಾನೆಯ ತುಂಡು ಸುತ್ತಿದ್ದರು, ಅದು ಎರಡು ಕಡೆಯೂ ಅವರ ಹೆಬ್ಬೆರಳಿನ ಆಕಾರಕ್ಕೆ ಸವೆದಿತ್ತು.

ಕಂಪನಿ ಮುಚ್ಚಿದಾಗ ಅವರಿಗೆ 53 ವರ್ಷ. ಕೈ ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು, ಕಿವಿ ಇನ್ನೂ ಚೆನ್ನಾಗಿತ್ತು. ಪೇಟಿ ಮಾತ್ರ ಕಂಪನಿಯದು. ಸಾಲಗಾರರು ಪರದೆಗಳ ಜೊತೆಗೆ ಅದನ್ನೂ ಒಯ್ದರು. ಕಲಾವಿದರ ಮಾಸಾಶನಕ್ಕೆ 58 ತುಂಬಿರಬೇಕು ಎಂದರು. ನಡುವಿನ ಐದು ವರ್ಷ ಅವರು ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆದರು. ಸಂಗೀತಗಾರರಿಗೆ ವಯಸ್ಸಾದಷ್ಟೂ ಬೆಲೆ ಎಂದು ನಿಮ್ಮ ಮಗ ಹೇಳಿದ್ದಾರೆ. ಆ ಮಾತು ತಂದೆಯವರ ವಿದ್ಯೆಯ ಮಟ್ಟಿಗೆ ನಿಜವಾಗಿತ್ತು, ಅವರ ಬದುಕಿನ ಮಟ್ಟಿಗೆ ಆಗಿರಲಿಲ್ಲ.

ಹಾರ್ಮೋನಿಯಂ ಹಿಡಿದವರಿಗೆ ಆಕಾಶವಾಣಿಯೂ ಬಹುಕಾಲ ಆಸರೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1940ರಲ್ಲಿ ಈ ವಾದ್ಯವನ್ನು ಅಲ್ಲಿ ನಿಷೇಧಿಸಿದರು, 1971ರವರೆಗೆ ಅದು ಸಡಿಲವಾಗಲಿಲ್ಲ. ಒಂದು ತಲೆಮಾರಿನ ಪೇಟಿ ಮಾಸ್ತರರ ದುಡಿಮೆಯ ವಯಸ್ಸೆಲ್ಲ ಹಾಗೆಯೇ ಕಳೆಯಿತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿ 2010ರಲ್ಲಿ ಲಿಂಗೈಕ್ಯರಾದರು. ಮೇಡಂ ಹೇಳಿದ ವಾಲ್ಖಾ ಅವರಂತೆ ಇವರಿಗೂ ಕಣ್ಣಿರಲಿಲ್ಲ, ನಮ್ಮ ತಂದೆಯಂತೆ ಇವರೂ ಹಾರ್ಮೋನಿಯಂ ನುಡಿಸುವುದರಲ್ಲಿ ಎತ್ತಿದ ಕೈ. ಆಶ್ರಮ ನಡೆಸಲು ನಾಟಕ ಕಂಪನಿಯನ್ನೇ ಕಟ್ಟಿದರು. ವಾದ್ಯ, ಪಾಠ, ಅನ್ನ, ಶಿಷ್ಯರು ಎಲ್ಲ ಒಂದೇ ಸೂರಿನಡಿ ಇದ್ದುದರಿಂದ ಅಲ್ಲಿ ಕಲಿತ ನೂರಾರು ಅಂಧ ಮಕ್ಕಳಿಗೆ ಸಂಗೀತವೇ ಜೀವನೋಪಾಯವಾಯಿತು. ನಮ್ಮ ತಂದೆಗಿಂತ ಅವರಿಗೆಲ್ಲ ಹೆಚ್ಚು ವಿದ್ಯೆ ಇತ್ತೆಂದು ನಾನು ಒಪ್ಪುವುದಿಲ್ಲ. ಅವರ ಬೆನ್ನ ಹಿಂದೆ ಒಂದು ಆಶ್ರಮವಿತ್ತು.

ಫಿಸಿಯೊಥೆರಪಿಸ್ಟ್, ದಾವಣಗೆರೆ

ಒಂದು ವೈದ್ಯಕೀಯ ಮಾತನ್ನು ಮಾತ್ರ ಸೇರಿಸುತ್ತೇನೆ. ವಿಯರ್ನ್ ಅವರ ಹೆಸರು ಬಂದಿದ್ದರಿಂದ ಹೇಳುವುದಾದರೆ, 1906ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಬಿದ್ದು ಅವರ ಕಾಲು ಕೆಟ್ಟದಾಗಿ ಮುರಿಯಿತು, ಪೆಡಲ್ ವಿದ್ಯೆಯನ್ನು ಅವರು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಅದಾದ ಮೇಲೂ 31 ವರ್ಷ ನುಡಿಸಿದರು. ಫುಟ್‌ಬಾಲ್ ಆಟಗಾರನಿಗೆ ಅಷ್ಟು ಕಾಲಾವಕಾಶ ಸಿಗುವುದಿಲ್ಲ. ಹಾಲೆಂಡಿನ ಮಾರ್ಕೊ ವಾನ್ ಬಾಸ್ಟೆನ್ ಕಣಕಾಲಿನ ನೋವಿನಿಂದ 28ರಲ್ಲಿ ಕೊನೆಯ ಪಂದ್ಯ ಆಡಿದರು. ಬ್ರೆಜಿಲ್‌ನ ರೊನಾಲ್ಡೊ ಮಂಡಿಗೆ ಎರಡು ಬಾರಿ ದೊಡ್ಡ ಪೆಟ್ಟಾದ ಮೇಲೂ ಮರಳಿ ಬಂದು 2002ರ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದದ್ದು ನಿಜವಾದರೂ, ಅವರ ಹಿಂದೆ ಇದ್ದ ವೈದ್ಯರ ಪಡೆ ಜಿಲ್ಲಾ ಮಟ್ಟದ ಹುಡುಗನ ಹಿಂದೆ ಇರುವುದಿಲ್ಲ. ಇಂದು ಎಸಿಎಲ್ ಶಸ್ತ್ರಚಿಕಿತ್ಸೆ ನಮ್ಮ ಊರಲ್ಲೇ ಆಗುತ್ತದೆ. ಆಮೇಲಿನ ಸುಮಾರು ಒಂಬತ್ತು ತಿಂಗಳ ವ್ಯಾಯಾಮವೇ ಅರ್ಧ ಚಿಕಿತ್ಸೆ, ಮೂರನೇ ತಿಂಗಳಿಗೇ ಮೈದಾನಕ್ಕಿಳಿದ ಹುಡುಗರು ಮತ್ತೆ ನನ್ನ ಬಳಿಗೆ ಬರುತ್ತಾರೆ. ಮೊಮ್ಮಗನಿಗೆ ಈಗಿನಿಂದಲೇ ತೊಡೆಯ ಹಿಂಭಾಗದ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸ ಮಾಡಿಸಿ. ಮೊಮ್ಮಗಳ ಕೆಳಬೆನ್ನಿನ ಬಗ್ಗೆಯೂ ಎಚ್ಚರ ಬೇಕು, ಎರಡು ಕಾಲುಗಳನ್ನೂ ಎತ್ತಿ ಕುಳಿತು ನುಡಿಸುವಾಗ ದೇಹದ ಭಾರವೆಲ್ಲ ಅಲ್ಲಿಗೆ ಬೀಳುತ್ತದೆ.

ಫುಟ್‌ಬಾಲ್ ತರಬೇತುದಾರ, ದಾವಣಗೆರೆ

ವಿಂಗರ್ ಸರ್ ಬಗ್ಗೆ ನನಗೆ ಬಹಳ ಗೌರವವಿದೆ, ಆದರೂ ಅವರ ಅನುಭವವನ್ನು ಇಂದಿನ ಹುಡುಗನಿಗೆ ಹಾಗೆಯೇ ಅನ್ವಯಿಸಬಾರದು ಎಂದು ನಿವೇದಿಸುತ್ತೇನೆ. ಆಟಗಾರನಿಗೆ ನೌಕರಿ ಕೊಟ್ಟು 60ರವರೆಗೆ ಸಾಕಿದ ಕಾರ್ಖಾನೆ ತಂಡಗಳ ಕಾಲ ಬಹುಪಾಲು ಮುಗಿದಿದೆ. ಒಂದು ಕಾಲಕ್ಕೆ ಐ-ಲೀಗ್ ಎಂಬ ರಾಷ್ಟ್ರೀಯ ಲೀಗಿನಲ್ಲಿ ಆಡುತ್ತಿದ್ದ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯ ತಂಡ ಇಂದು ರಾಷ್ಟ್ರೀಯ ಲೀಗಿನಲ್ಲಿ ಇಲ್ಲ. ಈಗ ಕ್ಲಬ್ಬುಗಳ ಕಾಲ, ಒಂದೆರಡು ವರ್ಷದ ಕರಾರಿನ ಕಾಲ. 2025ರ ಜುಲೈನಲ್ಲಿ ದೇಶದ ಮೇಲಿನ ದರ್ಜೆಯ ಕ್ಲಬ್ ಲೀಗಾದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಋತುವನ್ನೇ ತಡೆಹಿಡಿದಾಗ ದೇಶದ ಅತಿ ಹೆಚ್ಚು ಸಂಬಳದ ಆಟಗಾರರೂ ಮುಂದೇನು ಎಂದು ತಿಳಿಯದೆ ಕುಳಿತಿದ್ದರು. ಸುನಿಲ್ ಛೆಟ್ರಿ ಅವರು 39ರವರೆಗೆ ದೇಶಕ್ಕಾಗಿ ಆಡಿ, 2024ರ ಜೂನ್‌ನಲ್ಲಿ ನಿವೃತ್ತಿ ಹೇಳಿ, ಮರುವರ್ಷ ಮತ್ತೆ ಕರೆಸಿಕೊಂಡರು ಎಂಬುದನ್ನು ಹುಡುಗರು ನನಗೆ ಹೇಳುತ್ತಿರುತ್ತಾರೆ. ಅಂಥ ದೇಹ ಮತ್ತು ಶಿಸ್ತು ಒಬ್ಬರಿಗೆ ಸಿಕ್ಕಿತೆಂದು ಅದರ ಮೇಲೆ ಮನೆಯ ಲೆಕ್ಕ ಹಾಕಲಾಗದು.

ಹಾಗೆಂದು ಹುಡುಗನನ್ನು ತಡೆಯಿರಿ ಎಂದು ನಾನು ಹೇಳಲಾರೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಹುಡುಗರ ಕಣ್ಣಲ್ಲಿ ಕಂಡ ಬೆಳಕನ್ನು ನಾನು ಮರೆತಿಲ್ಲ. ನನ್ನ ಸಲಹೆ ಒಂದೇ, ಆಟ ಮುಗಿದ ಮೇಲಿನ ಕೆಲಸವನ್ನು ಆಟ ಮುಗಿಯುವ ಮೊದಲೇ ಕಲಿಯಲಿ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಕೊಡುವ ಡಿ ಲೈಸೆನ್ಸ್ ತರಬೇತುದಾರನ ಆರಂಭದ ಮೆಟ್ಟಿಲುಗಳಲ್ಲಿ ಒಂದು, ಆಡುತ್ತಿರುವಾಗಲೇ ಅದನ್ನು ಮುಗಿಸಬಹುದು. ರೆಫರಿ ಪರೀಕ್ಷೆ ಇದೆ. ಪದವಿಯ ಮೇಲೆ ಬಿ.ಪಿ.ಎಡ್. ಮಾಡಿದರೆ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಬಹುದು. ನಾನು ಹಾಗೆಯೇ ಮಾಡಿದವನು.

ಹಳೆಯ ಲೆಫ್ಟ್ ವಿಂಗರ್, ಚಿತ್ರದುರ್ಗ

ಕೋಚ್ ಅವರ ಮಾತನ್ನು ಒಪ್ಪುತ್ತೇನೆ. ನನಗೆ ಸಿಕ್ಕಿದ್ದು ಆ ಕಾಲ ಕೊಟ್ಟದ್ದು. ರೈಲ್ವೆ, ಪೊಲೀಸ್, ಸೇನೆ ಇವುಗಳ ತಂಡಗಳು ಇನ್ನೂ ಇರುವುದರಿಂದ 25ರ ಗಡಿಯ ಮಾತನ್ನು ಮಾತ್ರ ಬಿಡುವುದಿಲ್ಲ.

ಪೇಟಿ ಮಾಸ್ತರರ ಮಗಳು ಬರೆದದ್ದನ್ನು ಮೂರು ಸಲ ಓದಿದೆ. ನಿಮ್ಮ ತಂದೆಯವರ ಕಾಲು 53ರಲ್ಲೂ ನೆಟ್ಟಗಿತ್ತು, ನನ್ನದು 31ರಲ್ಲೇ ಹೋಯಿತು. ಆದರೆ ತಿಂಗಳ ಮೊದಲ ತಾರೀಕಿಗೆ ಸಂಬಳ ಬಂದದ್ದು ನನಗೆ. ಇದು ನ್ಯಾಯವೆಂದು ನನಗೆ ಯಾವತ್ತೂ ಅನ್ನಿಸದು, ತಾಯಿ.

ಆರ್ಗನ್ ವಾದಕಿ, ಬೆಂಗಳೂರು

ಮೇಷ್ಟ್ರೇ, ಹುಡುಗಿಯ ವಿಷಯದಲ್ಲಿ ಎರಡು ಕೆಲಸ ತಕ್ಷಣ ಆಗಬೇಕು. ಮೊದಲನೆಯದು, ಅಭ್ಯಾಸದ ವೇಳೆಯನ್ನು ಬಾಯಿಮಾತಿನಲ್ಲಿ ಬಿಡದೆ ಚರ್ಚಿನ ಆಡಳಿತ ಮಂಡಳಿಯಿಂದ ಬರಹದಲ್ಲಿ ಪಡೆಯಿರಿ, ವಾರಕ್ಕೆ ಕನಿಷ್ಠ ಆರು ಗಂಟೆ ಇರಲಿ. ಎರಡನೆಯದು, ಆರ್ಗನ್ನಿನ ಜೊತೆಗೆ ಪಿಯಾನೋ ಪರೀಕ್ಷೆಗಳನ್ನೂ ಕಟ್ಟಿಸಿ. ನಮ್ಮ ದೇಶದಲ್ಲಿ ಪಾಠ ಹೇಳಿ ಬದುಕಲು ಅದೇ ಆಧಾರ. ಮನೆಯ ಕಾಲುಹಾರ್ಮೋನಿಯಂ ಕೊಡಬೇಡಿ, ಮಾರಬೇಡಿ. ಪೈಪ್ ಆರ್ಗನ್ನಿನ ಪೆಡಲ್ ವಿದ್ಯೆ ಅದರಲ್ಲಿ ಬರುವುದಿಲ್ಲ, ಆದರೆ ರಜೆಗೆ ಊರಿಗೆ ಬಂದಾಗ ಸ್ವರವನ್ನು ಎಳೆದು ಹಿಡಿಯುವ ಅಭ್ಯಾಸ ಅವಳ ಬೆರಳಿಗೆ ತಪ್ಪದಂತೆ ಅದು ಕಾಯುತ್ತದೆ. ಅದು ಅವಳದೇ ವಾದ್ಯ, ಅದರ ಕೀಲಿ ಯಾರ ಬಳಿಯೂ ಇಲ್ಲ.

ನಿವೃತ್ತ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ಋಣಿ. ಇಲ್ಲಿ ಬಂದದ್ದನ್ನೆಲ್ಲ ನಿನ್ನೆ ರಾತ್ರಿ ಊಟವಾದ ಮೇಲೆ ಮಗನಿಗೆ ಓದಿ ಹೇಳಿದೆ. ಪೇಟಿ ಮಾಸ್ತರರ ಪ್ರಸಂಗ ಬಂದಾಗ ಅವನು ಮಧ್ಯೆ ಮಾತಾಡದೆ ಕೇಳಿದ. ಆಮೇಲೆ ಹುಡುಗ ಡಿಪ್ಲೊಮಾ ಬೇಡ, ಪಿಯುಸಿಗೇ ಸೇರಲಿ, 25ರವರೆಗೆ ಆಡಲಿ, ಜೊತೆಗೆ ಕೋಚ್ ಹೇಳಿದ ಲೈಸೆನ್ಸ್ ಕಟ್ಟಲಿ ಎಂದ. ಹುಡುಗಿಯ ಅಭ್ಯಾಸದ ವೇಳೆಯ ಬಗ್ಗೆ ಚರ್ಚಿಗೆ ಪತ್ರ ನಾನೇ ಬರೆದಿದ್ದೇನೆ, ನಾಳೆ ಅಂಚೆಗೆ ಹಾಕುತ್ತೇನೆ.

ಇಂದು ಬೆಳಿಗ್ಗೆ ಕಾಲುಹಾರ್ಮೋನಿಯಂ ಹಿಂಬದಿಯ ಹಲಗೆ ತೆಗೆದು ನೋಡಿದೆ. ಎಡಗಡೆಯ ತಿದಿಯ ಚರ್ಮ ಮಡಿಕೆಯ ಉದ್ದಕ್ಕೂ ಬಿರುಕು ಬಿಟ್ಟಿದೆ, ಮೇಲಿನ ಸಪ್ತಕದಲ್ಲಿ ಮೂರು ರೀಡು ನುಡಿಯುತ್ತಿಲ್ಲ. ಪೇಟಿ ಮಾಸ್ತರರ ಮಗಳಲ್ಲಿ ಒಂದು ಬಿನ್ನಹ: ಇದನ್ನು ಸರಿಮಾಡುವವರು ನಮ್ಮ ಭಾಗದಲ್ಲಿ ಯಾರಾದರೂ ಉಳಿದಿದ್ದಾರೆಯೇ?

ಪೇಟಿ ಮಾಸ್ತರರ ಮಗಳು, ದಾವಣಗೆರೆ

ಮೇಷ್ಟ್ರೇ, ತಂದೆಯವರು ತೀರಿಕೊಂಡ ಮೇಲೂ ಅವರ ರೀಡು ಕೆರೆಯುವ ಸಲಾಕಿ, ಸಣ್ಣ ಅರ, ಮೇಕೆ ಚರ್ಮದ ಎರಡು ಸುರುಳಿ ನನ್ನ ಬಳಿಯೇ ಇವೆ. ತಿದಿ ಹೊಲಿಯುವುದನ್ನು ನಾನು ಅವರ ಜೊತೆ ಕುಳಿತು ಕಲಿತಿದ್ದೇನೆ. ಭಾನುವಾರ ಬರುತ್ತೇನೆ. ಮೊಮ್ಮಗಳು ಊರಿಗೆ ಬರುವ ದಿನವಾದರೆ ಇನ್ನೂ ಒಳ್ಳೆಯದು, ಹೇಗೆ ಹೊಲಿಯುವುದೆಂದು ಅವಳಿಗೂ ತೋರಿಸಿಕೊಡುತ್ತೇನೆ.